ಜಾಮೀನು ಸಿಕ್ಕಿದೆ, ಶೂರಿಟಿ ಸಿಕ್ಕಿಲ್ಲ

"ಲಾಕ್‌ಡೌನ್ ಅಂದ್ರೆ ಜೈಲೇ ಕಣ್ರೀ" ಅಂತ ಇನ್ನೊಬ್ಬರು ನನ್ನೆದುರು ಹೇಳಿದರೆ ಈ ಸಲ ನಾನು ಸುಮ್ಮನಿರುವುದಿಲ್ಲ. ಮೊನ್ನೆ ಆಫೀಸಿನ ಊಟದ ಮೇಜಿನಲ್ಲಿ ಮತ್ತೆ ಅದೇ ಮಾತು ಬಂತು. ಯಾರೋ ಡಾಲ್ಗೋನಾ ಕಾಫಿ ನೆನಪಿಸಿಕೊಂಡರು, ಯಾರೋ ಬಾಲ್ಕನಿಯಲ್ಲಿ ತಟ್ಟೆ ಬಡಿದದ್ದನ್ನು ನೆನಪಿಸಿಕೊಂಡರು. ಕೊನೆಗೆ ಎಲ್ಲರೂ ಸೇರಿ ತೀರ್ಮಾನಕ್ಕೆ ಬಂದರು: ಜೈಲು, ಪಕ್ಕಾ ಜೈಲು. ನಾನೂ ತಲೆ ಆಡಿಸಿದೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು.

ನಾನಿರುವುದು ಕುಕ್ ಟೌನಿನಲ್ಲಿ. ಮಿಲ್ಟನ್ ಸ್ಟ್ರೀಟಿನ ಪಾರ್ಕಿಗೆ ಬೀಗ ಬಿದ್ದಿತ್ತು, ಅದು ನಿಜ. ಆದರೆ ನಮ್ಮ ಬಾಗಿಲಿನ ಚಿಲಕ ಒಳಗಡೆಗೇ ಇತ್ತು. ಫ್ರಿಜ್ಜಿನಲ್ಲಿ ಹಾಲಿತ್ತು, ಬಾತ್‌ರೂಮಿನಲ್ಲಿ ಸೋಪಿತ್ತು, ಕೆಮ್ಮು ಬಂದರೆ ಮಲಗಲು ಬೇರೆ ಕೋಣೆ ಇತ್ತು. ಅಮ್ಮನಿಗೆ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುತ್ತಿದ್ದೆ. ಬೇಜಾರಾದರೆ ಟೆರೇಸು. ಇದು ಜೈಲಾದರೆ, ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಪರಪ್ಪನ ಅಗ್ರಹಾರದಲ್ಲಿ ಇರುವುದಕ್ಕೆ ನಾವು ಏನೆಂದು ಹೆಸರಿಡಬೇಕು?

ಈ ಪ್ರಶ್ನೆ ನನಗೆ ತಾನಾಗಿ ಹುಟ್ಟಿದ್ದಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಗೇಟಿನ ಆಚೆ ನಿಂತು ಒಬ್ಬರು ಕೇಳಿದ್ದು.

ಅವರು ನಮ್ಮ ಮನೆ ಕೆಲಸಕ್ಕೆ ಬರುತ್ತಿದ್ದವರು. ಮನೆ ಜೀವನಹಳ್ಳಿಯಲ್ಲಿ. ಎರಡನೇ ಅಲೆ ಜೋರಾಗಿತ್ತು, ಕೆಲಸದವರನ್ನು ಒಳಗೆ ಬಿಡಬಾರದೆಂದು ನಮ್ಮ ಅಪಾರ್ಟ್‌ಮೆಂಟಿನವರು ತೀರ್ಮಾನ ಮಾಡಿದ್ದರು. ಸಂಬಳ ತಗೊಳ್ಳೋಕೆ ಬಂದವರು ಗೇಟಿನ ಆಚೆಯೇ ನಿಂತರು. ದುಡ್ಡನ್ನು ಎಣಿಸದೆ ಬ್ಲೌಸಿನೊಳಗೆ ಇಟ್ಟುಕೊಂಡು, "ಅಕ್ಕಾ, ಒಂದು ಮಾತು" ಅಂದರು. ಅವರ ಮಗ, ಇಪ್ಪತ್ತೆರಡು ವರ್ಷದ ಹುಡುಗ, ಆಟೋದ ಬ್ಯಾಟರಿ ಕದ್ದ ಆರೋಪದ ಮೇಲೆ ಒಳಗಿದ್ದ. ನ್ಯಾಯಾಂಗ ಬಂಧನ. ಭೇಟಿ ಬಂದ್ ಆಗಿತ್ತು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಒಂದು ಫೋನು. ಕಳೆದ ಸಲ ಮಾತಾಡುವಾಗ ಅವನಿಗೆ ಕೆಮ್ಮಿತ್ತಂತೆ.

"ಜಾಮೀನು ಸಿಕ್ಕಿದೆ ಅಕ್ಕಾ. ಶೂರಿಟಿ ಸಿಕ್ಕಿಲ್ಲ. ಇಪ್ಪತ್ತೈದು ಸಾವಿರದ್ದು. ದುಡ್ಡು ಕಟ್ಟೋದಲ್ಲ, ಬರೀ ಸಹಿ. ನಮ್ಮ ಬೀದೀಲಿ ಯಾರ ಹೆಸರಲ್ಲೂ ಮನೆ ಇಲ್ಲ. ನೀವು ಹಾಕ್ತೀರಾ?"

ನಾನು "ನೋಡೋಣ" ಅಂದೆ.

ಮೇಲೆ ಬಂದು ವಕೀಲಿ ಮಾಡುವ ಗೆಳತಿಗೆ ಫೋನ್ ಮಾಡಿದೆ. ಆಕೆ ಕಾನೂನನ್ನು ಸರಿಯಾಗಿಯೇ ವಿವರಿಸಿದಳು. ಆರೋಪಿ ಕೋರ್ಟಿಗೆ ಬಾರದೆ ತಪ್ಪಿಸಿಕೊಂಡರೆ ಮಾತ್ರ ಆ ಮೊತ್ತಕ್ಕೆ ಜಾಮೀನುದಾರ ಹೊಣೆ. ವಿವರಿಸಿದ ಮೇಲೆ ಗೆಳತಿಯಾಗಿ ಒಂದು ಮಾತು ಸೇರಿಸಿದಳು: "ನಿನಗ್ಯಾಕೆ ಬೇಕು ಈ ತಲೆನೋವು?" ನನಗೆ ಬೇಕಿದ್ದದ್ದು ಆ ಒಂದು ಮಾತೇ. ಅವತ್ತು ರಾತ್ರಿ ಝೂಮ್ ಕಾಲ್ ಇತ್ತು. ಮಾರನೆಯ ದಿನವೂ ಇತ್ತು. ನಾನು ಸಹಿ ಹಾಕಲಿಲ್ಲ.

ಇದನ್ನು ತಪ್ಪೊಪ್ಪಿಗೆ ಅಂತ ಬರೆಯುತ್ತಿಲ್ಲ, ಜಗಳ ಅಂತಲೇ ಬರೆಯುತ್ತಿದ್ದೇನೆ. ಜಗಳ ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ. ಸಾಂಕ್ರಾಮಿಕದ ಕಾಲದಲ್ಲಿ ನಮ್ಮ ದೇಶದ ಜೈಲುಗಳಲ್ಲಿ ತುಂಬಿದ್ದವರಲ್ಲಿ ಹೆಚ್ಚಿನವರು ಅಪರಾಧಿಗಳೇ ಅಲ್ಲ. ಶೂರಿಟಿ ಇಲ್ಲದವರು, ವಕೀಲರಿಲ್ಲದವರು, ಸರದಿ ಬಾರದವರು. ಅವರನ್ನು ಅಲ್ಲಿ ಇಟ್ಟದ್ದು ಸರ್ಕಾರ, ಕೋರ್ಟು, ಪೊಲೀಸು ಹೌದು. ಜೊತೆಗೆ "ನೋಡೋಣ" ಅಂದ ನಾವು.

ನಮ್ಮ ಏರಿಯಾದ ಹುಟ್ಟಿನ ಕಥೆಯಿಂದಲೇ ಶುರು ಮಾಡುತ್ತೇನೆ. ಅದು ಸಾಂಕ್ರಾಮಿಕದ ಕಥೆಯೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲೂ ದಂಡಿನಲ್ಲೂ ಜನ ಸತ್ತರು. ಇಕ್ಕಟ್ಟಿನ ಓಣಿಗಳೇ ರೋಗಕ್ಕೆ ಮನೆ ಎಂದು ಆಗಿನ ಆಡಳಿತಕ್ಕೆ ಅರ್ಥವಾಯಿತು. ಆ ಕಡೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಈ ಕಡೆ 1906ರಲ್ಲಿ ಫ್ರೇಜರ್ ಟೌನ್ ಆಯಿತು, ಅದರ ಅಕ್ಕಪಕ್ಕದಲ್ಲೇ ರಿಚರ್ಡ್ಸ್ ಟೌನ್, ಕುಕ್ ಟೌನ್ ಬಂದವು. ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ನಡುವೆ ಪಾರ್ಕು. ಇಂದು ಬ್ರೋಕರ್‌ಗಳು "ಹಳೇ ಬೆಂಗಳೂರಿನ ಫೀಲ್" ಅಂತ ಹೇಳಿ ಹೆಚ್ಚು ಬಾಡಿಗೆ ಕೇಳುತ್ತಾರಲ್ಲ, ಅದರ ಹಿಂದೆ ಇರುವುದು ಪ್ಲೇಗಿನಿಂದ ಕಲಿತ ಒಂದೇ ಪಾಠ: ಜನರನ್ನು ಒತ್ತೊತ್ತಾಗಿ ಇಡಬೇಡಿ.

ನೂರಿಪ್ಪತ್ತು ವರ್ಷದಿಂದ ಈ ಪಾಠ ನಮಗೆ ಗೊತ್ತು. ಅದರ ಲಾಭದಲ್ಲೇ ನಾವು ವಾಸ ಮಾಡುತ್ತಿದ್ದೇವೆ. 2020ರಲ್ಲಿ ಅದಕ್ಕೆ ಸಾಮಾಜಿಕ ಅಂತರ ಎಂಬ ಹೊಸ ಹೆಸರು ಬಂತು. ಕಿರಾಣಿ ಅಂಗಡಿಯ ಮುಂದೆ ಸುಣ್ಣದ ವೃತ್ತ ಬರೆದರು. ಫೋನ್ ಮಾಡಿದರೆ ರಿಂಗ್ ಆಗುವ ಮೊದಲು ಕೆಮ್ಮಿನ ಸದ್ದು, ಆಮೇಲೆ ಉಪದೇಶ. ಬ್ಯಾರಕ್ಕಿನಲ್ಲಿ ಪಕ್ಕಪಕ್ಕ ಚಾಪೆ ಹಾಸಿ ಮಲಗುವವನು ಯಾವ ವೃತ್ತದಲ್ಲಿ ನಿಲ್ಲಬೇಕಿತ್ತು?

ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆ ಹೊಳೆದಿತ್ತು ಎಂಬುದನ್ನು ಹೇಳಲೇಬೇಕು. ದೇಶವ್ಯಾಪಿ ಲಾಕ್‌ಡೌನ್ ಘೋಷಣೆಗೂ ಮೊದಲೇ, 2020ರ ಮಾರ್ಚ್ 16ರಂದು ಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಮಾರ್ಚ್ 23ರಂದು, ಪ್ರತಿ ರಾಜ್ಯವೂ ಉನ್ನತಾಧಿಕಾರ ಸಮಿತಿ ರಚಿಸಬೇಕು, ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದು ಎಂದು ಸಮಿತಿ ನಿರ್ಧರಿಸಬೇಕು ಎಂದಿತು. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳನ್ನು ಉದಾಹರಣೆಯಾಗಿ ಕೊಟ್ಟಿತು. ಇರಾನ್ ಅದೇ ತಿಂಗಳು ಸುಮಾರು 85 ಸಾವಿರ ಕೈದಿಗಳನ್ನು ತಾತ್ಕಾಲಿಕವಾಗಿ ಬಿಟ್ಟಿತ್ತು. ಇಟಲಿಯಲ್ಲಿ ಕುಟುಂಬದವರ ಭೇಟಿ ನಿಲ್ಲಿಸಿದ್ದಕ್ಕೆ ಜೈಲುಗಳಲ್ಲಿ ಗಲಭೆಯಾಗಿ ಹತ್ತಕ್ಕೂ ಹೆಚ್ಚು ಕೈದಿಗಳು ಸತ್ತಿದ್ದರು. ಕೋಲ್ಕತ್ತದ ದಮ್ ದಮ್ ಜೈಲಿನಲ್ಲೂ ಮಾರ್ಚ್ 21ರಂದು ಗಲಭೆಯಾಯಿತು. ಅಪಾಯ ಯಾರಿಗೂ ಗುಟ್ಟಾಗಿರಲಿಲ್ಲ.

ಆದರೆ ಏಪ್ರಿಲ್ 13ಕ್ಕೆ ಅದೇ ಕೋರ್ಟು, ಕೈದಿಗಳನ್ನು ಬಿಡಲೇಬೇಕು ಎಂದು ತಾನು ರಾಜ್ಯಗಳಿಗೆ ಹೇಳಿಲ್ಲ ಎಂದು ಸ್ಪಷ್ಟಪಡಿಸಿತು. ಬಿಡುವುದೂ ಬಿಡದಿರುವುದೂ ಸಮಿತಿಗಳ ವಿವೇಚನೆಗೆ ಹೋಯಿತು. ಆ ವಿವೇಚನೆ ಏನು ಮಾಡಿತು ಎಂಬುದಕ್ಕೆ ಸರ್ಕಾರದ್ದೇ ಲೆಕ್ಕ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ಡಿಸೆಂಬರ್ 31ಕ್ಕೆ ಜೈಲಿನಲ್ಲಿ ಎಷ್ಟು ಜನರಿದ್ದರು ಎಂದು ಎಣಿಸುತ್ತದೆ. ಕೋವಿಡ್ ಬರುವ ಮೊದಲು, 2019ರ ಕೊನೆಗೆ, ದೇಶದ ಜೈಲುಗಳಲ್ಲಿ ಇದ್ದವರು 4,78,600 ಜನ. 2020ರ ಕೊನೆಗೆ 4,88,511. 2021ರ ಕೊನೆಗೆ 5,54,034.

ಇನ್ನೊಮ್ಮೆ ಓದಿ. "ಜೈಲಿನಲ್ಲಿ ಜನ ಕಡಿಮೆ ಮಾಡಿ" ಎಂಬ ಆದೇಶ ಬಂದ ಎರಡೇ ವರ್ಷದಲ್ಲಿ 75 ಸಾವಿರಕ್ಕೂ ಹೆಚ್ಚು ಜನ ಜಾಸ್ತಿಯಾದರು. ನೂರು ಜನರ ಜಾಗದಲ್ಲಿ 130 ಜನ.

ಜಾಸ್ತಿಯಾದವರು ಯಾರು? ಶಿಕ್ಷೆಯಾದವರು ಈ ಅವಧಿಯಲ್ಲಿ ಕಡಿಮೆಯೇ ಆದರು. ಹೆಚ್ಚಾದದ್ದೆಲ್ಲ ವಿಚಾರಣಾಧೀನರು. 2019ರ ಕೊನೆಗೆ 3,30,487 ಇದ್ದವರು 2021ರ ಕೊನೆಗೆ 4,27,165 ಆದರು. ನೂರರಲ್ಲಿ 69 ಇದ್ದದ್ದು 77ಕ್ಕೆ ಹೋಯಿತು. ಕಾರಣ ಹುಡುಕಲು ಪಿಎಚ್‌ಡಿ ಬೇಕಿಲ್ಲ. ಕೋರ್ಟುಗಳ ಕೆಲಸ ನಿಧಾನವಾಯಿತು, ಬಂಧನ ನಿಲ್ಲಲಿಲ್ಲ. ಸಿಂಕಿನ ನೀರು ಹೋಗುವ ತೂತು ಕಟ್ಟಿಕೊಂಡಿದೆ, ನಲ್ಲಿ ಮಾತ್ರ ಹರಿಯುತ್ತಲೇ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಕಂಡ ಕೂಡಲೇ ಬಂಧಿಸಬೇಡಿ, ಬಂಧನ ಏಕೆ ಅಗತ್ಯ ಎಂದು ಬರೆದಿಡಿ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತ್ತು. 2021ರ ಮೇ 7ರಂದು, ಎರಡನೇ ಅಲೆಯ ನಡುವೆ, ಅದನ್ನೇ ಮತ್ತೆ ನೆನಪಿಸಬೇಕಾಯಿತು.

ನಮ್ಮ ಊರಿನದೇ ಉದಾಹರಣೆ ನೋಡಿ. 2020ರ ಏಪ್ರಿಲ್ 19ರ ರಾತ್ರಿ ಪಾದರಾಯನಪುರದಲ್ಲಿ ಜನರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ಮೇಲೆ ಗುಂಪು ತಿರುಗಿಬಿತ್ತು, ಗಲಾಟೆಯಾಯಿತು. ಅದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಸೋಂಕು ಹರಡಿದೆ ಎಂಬ ಕಾರಣಕ್ಕೇ ಸೀಲ್‌ಡೌನ್ ಆಗಿದ್ದ ವಾರ್ಡಿನಿಂದ ಹಿಡಿದು ತಂದವರನ್ನು ಎಲ್ಲಿಗೆ ಕಳಿಸಿದರು? ಆಗ ಒಂದೂ ಪ್ರಕರಣ ಇಲ್ಲದಿದ್ದ ರಾಮನಗರದ ಜೈಲಿಗೆ. ಕೆಲವೇ ದಿನಗಳಲ್ಲಿ ಅವರಲ್ಲಿ ಐವರಿಗೆ ಸೋಂಕು ದೃಢಪಟ್ಟಿತು. ಆಮೇಲೆ ಎಲ್ಲರನ್ನೂ ಅಲ್ಲಿಂದ ಎತ್ತಿ ಬೆಂಗಳೂರಿನ ಹಜ್ ಭವನಕ್ಕೆ ತಂದರು. ಆ ವಾರ ಟಿವಿಯಲ್ಲಿ ಕೇಳಿದ ಕೂಗು ಒಂದೇ: ರಾಮನಗರಕ್ಕೆ ಕೊರೊನಾ ತಂದಿಟ್ಟರಲ್ಲ! ಐವರ ಜೊತೆ ಅದೇ ಗೋಡೆಯೊಳಗೆ ಉಸಿರಾಡುತ್ತಿದ್ದ ಉಳಿದವರ ಗತಿ ಏನು ಎಂದು ಕೇಳಿದವರು ಬಹಳ ಕಡಿಮೆ. ಗಲಭೆ ಮಾಡಿದರು ಅಂತ ಹಿಡಿದದ್ದು ಸರಿ ಎಂದುಕೊಳ್ಳೋಣ. ಕಾಯಿಲೆ ಹತ್ತಿಸುವುದು ಭಾರತೀಯ ದಂಡ ಸಂಹಿತೆಯ ಯಾವ ಸೆಕ್ಷನ್ನಿನಲ್ಲಿ ಶಿಕ್ಷೆಯಾಗಿತ್ತು?

ಎಲ್ಲ ಕೈದಿಗಳೂ ಹೀಗೆ ಕಣ್ಣಿಗೆ ಬೀಳದೆ ಹೋಗುವುದಿಲ್ಲ. 2021ರ ಜನವರಿ 20ರಂದು ಪರಪ್ಪನ ಅಗ್ರಹಾರದಿಂದ ವಿ.ಕೆ. ಶಶಿಕಲಾ ಅವರನ್ನು ನಮ್ಮ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಕರೆತಂದರು. ಅಲ್ಲಿಂದ ವಿಕ್ಟೋರಿಯಾಕ್ಕೆ. ಕೋವಿಡ್ ದೃಢಪಟ್ಟಿತು, ಚಿಕಿತ್ಸೆಯಾಯಿತು, 27ಕ್ಕೆ ಶಿಕ್ಷೆಯ ಅವಧಿ ಮುಗಿದು ಆಸ್ಪತ್ರೆಯಲ್ಲೇ ಬಿಡುಗಡೆಯಾಯಿತು. ಅವರ ಆಮ್ಲಜನಕದ ಮಟ್ಟ ಎಷ್ಟು ಎಂದು ಎರಡು ರಾಜ್ಯಗಳ ಚಾನೆಲ್‌ಗಳು ಹೇಳುತ್ತಿದ್ದವು. ಅವರಿಗೆ ಚಿಕಿತ್ಸೆ ಸಿಕ್ಕಿದ್ದು ತಪ್ಪು ಎನ್ನುತ್ತಿಲ್ಲ. ಸಿಗಬೇಕಾದದ್ದೇ ಅಷ್ಟು. ಶಿಕ್ಷೆಯಾದವರಿಗೆ ಸಿಕ್ಕದ್ದು ಶಿಕ್ಷೆಯೇ ಆಗದ ಬ್ಯಾಟರಿ ಕಳ್ಳತನದ ಆರೋಪಿಗೂ ಸಿಗಬೇಕು ಎನ್ನುತ್ತಿದ್ದೇನೆ. ಆ ಹುಡುಗನ ಕೆಮ್ಮಿನ ಸುದ್ದಿ ಅವನಮ್ಮನಿಗೆ ಮಾತ್ರ ಗೊತ್ತಿತ್ತು. ಅದೂ ಫೋನಿನಲ್ಲಿ ಕೇಳಿಸಿದ್ದರಿಂದ.

ಈಗ ನಮ್ಮ ಮನೆಯಿಂದ ಫ್ರೇಜರ್ ಟೌನ್ ದಾಟಿ ಬೆನ್ಸನ್ ಟೌನಿಗೆ ಬನ್ನಿ. ನಡೆದೇ ಹೋಗಬಹುದು. ಬೆನ್ಸನ್ ರಸ್ತೆಯಲ್ಲಿ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಇದೆ. 1975ರಿಂದ 1986ರವರೆಗೆ ಅದರ ನಿರ್ದೇಶಕರಾಗಿದ್ದವರು ಒಬ್ಬ ಜೆಸ್ಯೂಟ್ ಪಾದ್ರಿ. ಹೆಸರು ಸ್ಟ್ಯಾನ್ ಸ್ವಾಮಿ. ಹನ್ನೊಂದು ವರ್ಷ ಇದೇ ರಸ್ತೆಗಳಲ್ಲಿ ಓಡಾಡಿದ ಮನುಷ್ಯ. ಆಮೇಲೆ ಜಾರ್ಖಂಡಿಗೆ ಹೋಗಿ ಆದಿವಾಸಿಗಳ ನಡುವೆ ಕೆಲಸ ಮಾಡಿದರು. ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ಹೈಕೋರ್ಟಿಗೂ ಹೋದರು.

2020ರ ಅಕ್ಟೋಬರ್ 8ರಂದು ಎನ್‌ಐಎ ಅವರನ್ನು ರಾಂಚಿಯಲ್ಲಿ ಬಂಧಿಸಿತು. ಭೀಮಾ ಕೋರೆಗಾಂವ್ ಪ್ರಕರಣ, ಯುಎಪಿಎ ಕಾಯ್ದೆ. ವಯಸ್ಸು 83, ಪಾರ್ಕಿನ್‌ಸನ್ ಕಾಯಿಲೆ, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಸಾಂಕ್ರಾಮಿಕದ ನಡುವೆ ಆ ವಯಸ್ಸಿನವರನ್ನು ನವಿ ಮುಂಬೈ ಬಳಿಯ ತಲೋಜ ಜೈಲಿಗೆ ಕಳಿಸಿದರು. ಕೋವಿಡ್ ಅಪಾಯವಿದೆ, ಮಧ್ಯಂತರ ಜಾಮೀನು ಕೊಡಿ ಎಂದು ಕೇಳಿದಾಗ, ಸಾಂಕ್ರಾಮಿಕದ ನೆಪದಲ್ಲಿ ಲಾಭ ಪಡೆಯಲು ನೋಡುತ್ತಿದ್ದಾರೆ ಎಂದು ಎನ್‌ಐಎ ವಿರೋಧಿಸಿತು. ಅರ್ಜಿ ತಿರಸ್ಕಾರವಾಯಿತು. ನವೆಂಬರ್‌ನಲ್ಲಿ ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರ ಕೊಡಲು ಎನ್‌ಐಎಗೆ ಸಿಕ್ಕ ಸಮಯ 20 ದಿನ. ನಾವು ಅದೇ ನವೆಂಬರ್‌ನಲ್ಲಿ ಹತ್ತು ನಿಮಿಷ ತಡವಾಗಿ ಬಂದ ಬಿರಿಯಾನಿಗೆ ಒಂದು ಸ್ಟಾರ್ ಕೊಡುತ್ತಿದ್ದೆವು.

2021ರ ಮೇನಲ್ಲಿ ವಿಡಿಯೋ ಮೂಲಕ ಅವರು ಬಾಂಬೆ ಹೈಕೋರ್ಟಿಗೆ ಹೇಳಿದ್ದರ ಸಾರಾಂಶ ಇಷ್ಟು: ಎಂಟು ತಿಂಗಳ ಹಿಂದೆ ಬಂದಾಗ ತಾನೇ ಊಟ ಮಾಡುತ್ತಿದ್ದೆ, ನಡೆಯುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಈಗ ಒಂದೊಂದಾಗಿ ಎಲ್ಲವೂ ಹೋಗಿವೆ. ಮೇ 28ರಂದು ಹೈಕೋರ್ಟು ಅವರನ್ನು ಖಾಸಗಿ ಆಸ್ಪತ್ರೆಗೆ ಸೇರಿಸಲು ಅನುಮತಿ ಕೊಟ್ಟಿತು. ಅಲ್ಲಿ ಕೋವಿಡ್ ಇರುವುದು ಗೊತ್ತಾಯಿತು. ಜುಲೈ 5ರಂದು ಅವರ ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ, ಅವರು ಅಂದು ಮಧ್ಯಾಹ್ನ ತೀರಿಕೊಂಡರು ಎಂದು ಕೋರ್ಟಿಗೆ ತಿಳಿಸಲಾಯಿತು. ವಯಸ್ಸು 84. ವಿಚಾರಣೆ ಶುರುವೇ ಆಗಿರಲಿಲ್ಲ.

ಅವರ ಮೇಲಿನ ಆರೋಪ ಸುಳ್ಳೋ ನಿಜವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಯಾಕೆ ಗೊತ್ತಾ? ಇಳಿಯಬೇಕಾಗಿದ್ದದ್ದು ಕೋರ್ಟು. ಅದಕ್ಕೆ ಅವಕಾಶವೇ ಸಿಗಲಿಲ್ಲ. ತೀರ್ಪಿಗೆ ಮೊದಲೇ ಶಿಕ್ಷೆ ಮುಗಿದುಹೋಗಿತ್ತು. 2024ರ ಜುಲೈ 5ಕ್ಕೆ ಮೂರು ವರ್ಷ ಆಗಿತ್ತು.

ಜೈಲು ಮತ್ತು ಉಸಿರು ಅಂದಾಗ ಬೆಂಗಳೂರಿಗೆ ಇನ್ನೊಂದು ಹೆಸರು ನೆನಪಾಗಲೇಬೇಕು. ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು ಎಂದು ಎಲ್ಲರೂ ಹೇಳುತ್ತಾರೆ. 'ಸಂಸ್ಕಾರ' ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ಅಲ್ಲೇ ಇದ್ದರು. 1976ರ ಮೇನಲ್ಲಿ ಬಂಧನ. ಆಸ್ತಮಾ ಇದ್ದವರು, ಜೈಲಿನಲ್ಲಿ ಅದು ಉಲ್ಬಣಿಸಿತು. ಸ್ಥಿತಿ ತೀರಾ ಹದಗೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಅವರಿಗೂ ಯಾವ ಶಿಕ್ಷೆಯೂ ಆಗಿರಲಿಲ್ಲ. ಸಾಯುವವರನ್ನು ಸಾಯುವ ಹೊತ್ತಿಗೆ ಹೊರಗೆ ಬಿಡುವುದು ಒಂದೇ ಪಕ್ಷದ, ಒಂದೇ ಕಾಲದ ಚಾಳಿ ಅಲ್ಲ. ಆದ್ದರಿಂದ ದಯವಿಟ್ಟು "ಅವರ ಕಾಲದಲ್ಲಿ ನೀವು ಎಲ್ಲಿದ್ರಿ?" ಎಂಬ ಪ್ರಶ್ನೆ ಬೇಡ. ಎರಡೂ ಕಾಲದಲ್ಲಿ ನಾವು ಮನೆಯಲ್ಲೇ ಇದ್ದೆವು.

ಈಗ ನಿಮ್ಮ ಮನಸ್ಸಿನಲ್ಲಿ ಎದ್ದಿರುವ ಮಾತಿಗೆ ಬರೋಣ. "ಅವರೇನು ಸಾಚಾಗಳಾ? ಬಿಟ್ಟರೆ ಮತ್ತೆ ಕದಿಯಲ್ವಾ? ನಿಮ್ಮನೆ ಸ್ಕೂಟರ್ ಹೋದಾಗ ಗೊತ್ತಾಗುತ್ತೆ."

ಹೋಗಿದೆ. ಸ್ಕೂಟರಲ್ಲ, ಸೈಕಲ್ಲು. ಕದ್ದವನು ಸಿಕ್ಕಿದ್ದರೆ ಕೇಸು ನಡೆಯಲಿ ಅಂತಲೇ ಹೇಳುತ್ತಿದ್ದೆ. ಸಾಯಲಿ ಅಂತ ಹೇಳುತ್ತಿರಲಿಲ್ಲ. ಜಾಮೀನು ಅಂದರೆ ಖುಲಾಸೆ ಅಲ್ಲ. ಕೇಸು ಅಲ್ಲೇ ಇರುತ್ತದೆ, ಆರೋಪಿ ಕರೆದಾಗ ಬರಬೇಕು, ತಪ್ಪು ಸಾಬೀತಾದರೆ ಒಳಗೆ ಹೋಗಬೇಕು. ಕಳ್ಳತನಕ್ಕೆ ದಂಡ ಸಂಹಿತೆಯಲ್ಲಿದ್ದ ಗರಿಷ್ಠ ಶಿಕ್ಷೆ ಮೂರು ವರ್ಷ. ಇನ್ನೂ ಸಾಬೀತಾಗದ ಮೂರು ವರ್ಷದ ಅಪರಾಧಕ್ಕೆ ವೆಂಟಿಲೇಟರ್ ಸಿಗದ ಕಾಲದಲ್ಲಿ ಒಬ್ಬನನ್ನು ಜನಸಂದಣಿಯಲ್ಲಿ ಕೂಡಿಹಾಕುವುದು ಕಾನೂನು ಪಾಲನೆಯಲ್ಲ.

ಎರಡನೆಯ ಮಾತು ಇನ್ನೂ ಸ್ವಾರ್ಥದ್ದು, ಹಾಗಾಗಿ ನಮಗೆ ಬೇಗ ಅರ್ಥವಾಗಬೇಕು. ಜೈಲಿನ ಗೋಡೆ ಮನುಷ್ಯರನ್ನು ತಡೆಯುತ್ತದೆ, ವೈರಸ್ಸನ್ನು ತಡೆಯುವುದಿಲ್ಲ. ವಾರ್ಡರ್‌ಗಳು ಡ್ಯೂಟಿ ಮುಗಿಸಿ ಬಸ್ಸು ಹತ್ತುತ್ತಾರೆ. ಅಡುಗೆ ಸಾಮಾನು ತರುವ ಲಾರಿ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆ. ಹೊಸದಾಗಿ ಬಂಧಿತರಾದವರು ದಿನವೂ ಒಳಗೆ ಹೋಗುತ್ತಾರೆ. ಜೈಲು ಊರಿನ ಆಚೆಗಿನ ದ್ವೀಪವಲ್ಲ, ಊರಿನದೇ ಅತಿ ಇಕ್ಕಟ್ಟಾದ ವಠಾರ. ಪ್ಲೇಗಿನ ಕಾಲದ ಅಧಿಕಾರಿಗಳಿಗೆ ಗೊತ್ತಿದ್ದದ್ದು ನಮಗೆ ಗೊತ್ತಿಲ್ಲವೇ?

ಮೂರನೆಯದು, "ಕಾನೂನು ಬದಲಾಗಬೇಕು, ನಾವೇನು ಮಾಡೋಕಾಗುತ್ತೆ?" ತಮಾಷೆಯೆಂದರೆ ಕಾನೂನು ಬಹುಪಾಲು ನಮ್ಮ ಕಡೆಗೇ ಇದೆ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಜಾಮೀನು ಸಿಕ್ಕಿತ್ತು. ಆದರೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಶೂರಿಟಿ ಕೇಳಿದರು. ಅವನ ಸಹೋದರ ಶೂರಿಟಿಗೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, ಮೊತ್ತವನ್ನು ಸಾವಿರಕ್ಕೆ ಇಳಿಸಿ ಬಿಡಿಸಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಹೇಳಿತು: ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು; ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು; ಸ್ಥಳೀಯ ಶೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದೆ. 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದ, ಮೊದಲ ಸಲ ಸಿಕ್ಕಿಬಿದ್ದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಅವನನ್ನು ಬಾಂಡ್ ಮೇಲೆ ಬಿಡಬೇಕು.

ಕಾಗದದಲ್ಲಿ ಎಲ್ಲ ಇದೆ. ಅದೇ ಕಾಗದದಲ್ಲಿ 2023ರ ಮಾರ್ಚ್ 24ರ ಆದೇಶವೂ ಇದೆ: ಸಾಂಕ್ರಾಮಿಕದಲ್ಲಿ ಬಿಟ್ಟವರೆಲ್ಲ 15 ದಿನದೊಳಗೆ ಜೈಲಿಗೆ ವಾಪಸ್ ಬರಬೇಕು. ವಿಚಾರಣಾಧೀನರು ಬೇಕಾದರೆ ಹೊಸದಾಗಿ ಜಾಮೀನು ಕೇಳಿಕೊಳ್ಳಬಹುದು. ಹೊರಗಿದ್ದ ಅಷ್ಟು ಕಾಲ ತಕರಾರಿಲ್ಲದೆ ದುಡಿದು ತಿಂದ ವಿಚಾರಣಾಧೀನನಿಗೂ ಇದೇ ನಿಯಮ. ಅಷ್ಟು ದಿನ ಹೊರಗಿದ್ದು ಅವನು ಯಾವುದನ್ನು ಸಾಬೀತು ಮಾಡಿದನೋ ಅದಕ್ಕೆ ಬೆಲೆ ಇಲ್ಲವೇ?

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಸಣ್ಣ ಪ್ರಕರಣಗಳಲ್ಲಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವುದೇ ನಿಯಮವಾಗಲಿ, ಶೂರಿಟಿ ಅಪವಾದವಾಗಲಿ. ಜೈಲಿನ ಸಾಮರ್ಥ್ಯ ಮೀರಿದರೆ ಯಾರನ್ನು ಬಿಡಬಹುದು ಎಂಬ ಪರಿಶೀಲನೆ ಪ್ರತಿ ತಿಂಗಳೂ ನಡೆಯಲಿ, ಅದಕ್ಕೆ ಮುಂದಿನ ಸಾಂಕ್ರಾಮಿಕ ಬರುವುದನ್ನು ಕಾಯುವುದು ಬೇಡ. ಜೈಲಿನೊಳಗೆ ಸಾಯುವ ಪ್ರತಿಯೊಬ್ಬರ ಕಾಯಿಲೆಯ ವಿವರ ಕುಟುಂಬಕ್ಕೆ ಸಿಗಲಿ. ಆರೋಗ್ಯದ ಕಾರಣಕ್ಕೆ ಜಾಮೀನು ಕೇಳಿದಾಗ ಯಾವ ಕಾಯ್ದೆಯ ಆರೋಪಿ ಎಂದು ನೋಡುವ ಮೊದಲು ವಯಸ್ಸೆಷ್ಟು, ಕಾಯಿಲೆ ಏನು ಎಂದು ನೋಡಲಿ.

ನಿಮ್ಮಿಂದ ಕೇಳುವುದು ಇದಕ್ಕಿಂತ ಸಣ್ಣದು. ಶೂರಿಟಿ ಹಾಕಿ. ನಮ್ಮಂಥವರ ಹತ್ತಿರ ಫ್ಲ್ಯಾಟಿನ ಕಂದಾಯದ ರಶೀದಿ ಇದೆ, ಊರಿನ ಪಹಣಿ ಇದೆ, ಆಧಾರ್ ಇದೆ, ಒಂದು ದಿನ ರಜೆ ಹಾಕುವ ಅನುಕೂಲ ಇದೆ. ಜೀವನಹಳ್ಳಿಯ ಒಂದು ಬೀದಿಯಲ್ಲಿ ಹುಡುಕಿದರೂ ಸಿಗದ ಕಾಗದ ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮನೆಯ ಕಪಾಟಿನಲ್ಲೂ ಇದೆ. ಗೊತ್ತಿಲ್ಲದವರಿಗೆ ಹಾಕಿ ಅನ್ನುತ್ತಿಲ್ಲ. ನಿಮ್ಮ ಮನೆ ಪಾತ್ರೆ ತೊಳೆಯುವವರು, ನಿಮ್ಮ ಕಾರು ಒರೆಸುವವರು, ಹತ್ತು ವರ್ಷದಿಂದ ಗೊತ್ತಿರುವವರು ಬಂದು ಕೇಳಿದಾಗ "ನೋಡೋಣ" ಅನ್ನಬೇಡಿ.

ಆ ಹುಡುಗ ಹೊರಗೆ ಬಂದ. ಲಾಕ್‌ಡೌನ್ ಸಡಿಲವಾಗಿ ಬಸ್ಸುಗಳು ಶುರುವಾದ ಮೇಲೆ, ಜೂನ್ ಕೊನೆಯಲ್ಲಿ, ಮುಳಬಾಗಿಲು ಕಡೆಯಿಂದ ಅವರ ದೂರದ ಸಂಬಂಧಿಯೊಬ್ಬರು ಎರಡು ಎಕರೆ ಖುಷ್ಕಿ ಜಮೀನಿನ ಪಹಣಿ ಹಿಡಿದುಕೊಂಡು ಬಂದರು. ಇಡೀ ದಿನ ಕೋರ್ಟಿನಲ್ಲಿ ಕಾದು ಸಹಿ ಹಾಕಿ ರಾತ್ರಿ ಬಸ್ಸಿಗೆ ವಾಪಸ್ ಹೋದರಂತೆ. ನನಗಿಂತ ಅವರಿಗೆ ಕಳೆದುಕೊಳ್ಳೋದು ಜಾಸ್ತಿ ಇತ್ತು.

ಕಳೆದ ವರ್ಷ ನಾನೂ ಒಂದು ಶೂರಿಟಿ ಹಾಕಿದೆ, ನಮ್ಮ ರಸ್ತೆಯಲ್ಲಿ ಇಸ್ತ್ರಿ ಮಾಡುವವರ ತಮ್ಮನಿಗೆ. ಒಂದು ರಜೆ ಖರ್ಚಾಯಿತು, ಜೊತೆಗೆ ಮೂರು ಗಂಟೆ ಕಾರಿಡಾರಿನ ಬೆಂಚು, ಎರಡು ಟೀ. ಇದುವರೆಗೆ ಪ್ರತಿ ವಾಯಿದೆಗೂ ಅವನು ಹೋಗಿದ್ದಾನೆ. ಸಂಜೆ ಮನೆಗೆ ಬಂದು, ಅಡುಗೆಮನೆಯಲ್ಲಿದ್ದ ಆ ಹುಡುಗನ ಅಮ್ಮನಿಗೆ ಇದನ್ನು ಸ್ವಲ್ಪ ಖುಷಿಯಿಂದಲೇ ಹೇಳಿದೆ. ಅವರು ಪಾತ್ರೆ ಉಜ್ಜುತ್ತಲೇ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಒಳ್ಳೇದಾಯ್ತು ಅಕ್ಕಾ. ಅವತ್ತೇ ಹಾಕಬಹುದಿತ್ತು" ಅಂದರು.